ಸ್ಲೋ ಕುಕ್ಕರ್‌ನಲ್ಲಿ ಚಕ್ಕೆ ಸೇಬು ಕೆಟ್ಟರೆ: ಮೊದಲು ಕರೆಂಟು ನೋಡಿ, ಆಮೇಲೆ ಸೇಬು, ಕೊನೆಗೆ ಅಳತೆ

ಕೋಲಾರ, ಬಂಗಾರಪೇಟೆ, ಮಾಲೂರು ಕಡೆ ಸ್ಲೋ ಕುಕ್ಕರ್ (ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಪಿಂಗಾಣಿ ಮಡಕೆ) ಇರುವ ಮನೆಗಳಲ್ಲಿ ಅದು ಹೆಚ್ಚಾಗಿ ಬೆಂಗಳೂರಿನ ಮಗಳೋ ಹೊರದೇಶದ ಮಗನೋ ತಂದಿಟ್ಟದ್ದು. ಬೇಳೆ, ಕಾಳು, ಸಾರಿಗೆ ಪ್ರೆಶರ್ ಕುಕ್ಕರ್ ಇದ್ದೇ ಇದೆ. ಹಾಗಾಗಿ ಇದರಲ್ಲಿ ಮೊದಲು ಮಾಡಿ ನೋಡುವುದು ಚಕ್ಕೆ ಹಾಕಿದ ಬಿಸಿ ಸೇಬು. ಹೆಚ್ಚಿ, ಬೆಲ್ಲ ಹಾಕಿ, ಮುಚ್ಚಿ, ಗುಂಡಿ ತಿರುಗಿಸಿದರೆ ಮುಗಿಯಿತು ಅನ್ನುವಷ್ಟು ಸಲೀಸಾದ ಕೆಲಸ. ಆದರೂ ಕೆಡುತ್ತದೆ. ಕೆಟ್ಟಾಗ ಎಲ್ಲರೂ ಅಳತೆಯನ್ನೇ ದೂರುತ್ತಾರೆ: ನೀರು ಜಾಸ್ತಿ ಆಯ್ತೇನೋ, ಬೆಲ್ಲ ಕಮ್ಮಿ ಆಯ್ತೇನೋ. ನಾನು ಕಂಡ ಮಟ್ಟಿಗೆ ನಮ್ಮ ಕಡೆ ಅಳತೆಯಿಂದ ಕೆಡುವುದು ಅಪರೂಪ. ಮೊದಲ ಅನುಮಾನ ಕರೆಂಟಿನ ಮೇಲಿರಲಿ, ಎರಡನೆಯದು ಸೇಬಿನ ಮೇಲೆ. ಅಳತೆಯ ಸರದಿ ಅವೆರಡೂ ಪಾಸಾದ ಮೇಲೆ.

ಹೋಲಿಸಿ ನೋಡಲು ಒಂದು ಲೆಕ್ಕ ಇಟ್ಟುಕೊಳ್ಳೋಣ. 3 ಲೀಟರಿನ ಕುಕ್ಕರಿಗೆ ಒಂದೂವರೆ ಕೆಜಿ ಸೇಬು, ಒಂದೂವರೆ ಬೆರಳು ದಪ್ಪದ ಹೋಳು. 100 ಗ್ರಾಂ ಪುಡಿ ಬೆಲ್ಲ ಅಥವಾ ಸಕ್ಕರೆ, ಎರಡು ಇಂಚಿನ ಚಕ್ಕೆ ಎರಡು ತುಂಡು, ಒಂದು ನಿಂಬೆಹಣ್ಣಿನ ರಸ, ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು, ನಾಲ್ಕು ಚಮಚ ನೀರು. ‘ಹೈ’ನಲ್ಲಿ ಎರಡು ಗಂಟೆ, ‘ಲೋ’ನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ. ಸರಿಯಾಗಿ ಆಗಿದ್ದರೆ ಹೋಳು ಆಕಾರ ಬಿಟ್ಟಿರುವುದಿಲ್ಲ, ಚಮಚದ ಅಂಚು ಒತ್ತಿದರೆ ತಡೆಯಿಲ್ಲದೆ ಕತ್ತರಿಸಿಕೊಳ್ಳುತ್ತದೆ, ರಸ ಚಮಚದ ಬೆನ್ನಿಗೆ ತೆಳುವಾಗಿ ಅಂಟುತ್ತದೆ. ಇಷ್ಟಾಗದಿದ್ದರೆ ಮುಂದೆ ಓದಿ.

ಬೇಯಲೇ ಇಲ್ಲ

ಅತಿ ಹೆಚ್ಚು ಬರುವ ದೂರು ಇದು. ಬಂಗಾರಪೇಟೆ ಪಕ್ಕದ ತೋಟದ ಮನೆಯಿಂದ ತಂಗಿ ಮಗಳು ಫೋನ್ ಮಾಡಿದ್ದಳು.

“ದೊಡ್ಡಮ್ಮ, ನಾಲ್ಕು ಗಂಟೆ ಆಯ್ತು. ಇನ್ನೂ ಗಟ್ಟಿ ಗಟ್ಟಿ ಇದೆ. ಮಿಷಿನ್ನೇ ಹೋಗಿದೆ ಅನ್ಸುತ್ತೆ.”

“ಮಿಷಿನ್ ಆಮೇಲೆ ನೋಡೋಣ, ಫ್ರಿಜ್ ಸ್ಟೆಬಿಲೈಸರಲ್ಲಿ ಎಷ್ಟು ತೋರಿಸ್ತಿದೆ ನೋಡೇ ಮೊದಲು.”

“ಇನ್‌ಪುಟ್ಟಾ? ನೂರಾ ಎಪ್ಪತ್ತೆಂಟು.”

ರೋಗ ಅಲ್ಲೇ ಸಿಕ್ಕಿತು. ಗುಂಡಿ ತಿರುಗಿಸುವ ಸಾದಾ ಸ್ಲೋ ಕುಕ್ಕರಿನೊಳಗೆ ಇರುವುದು ಬರೀ ಕಾಯುವ ತಂತಿ. ಅಂಥ ತಂತಿಯ ಶಾಖ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿದ ಲೆಕ್ಕಕ್ಕೆ, ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 200 ವ್ಯಾಟ್ ಕೊಡುವ ಕುಕ್ಕರ್ 200 ವೋಲ್ಟಿಗೆ ಇಳಿದಾಗ ಸುಮಾರು 150 ವ್ಯಾಟ್ ಕೊಡುತ್ತದೆ, 180ಕ್ಕೆ ಇಳಿದರೆ 122, 160ಕ್ಕೆ 97. ಅಂದರೆ ವೋಲ್ಟೇಜು ಕಾಲು ಭಾಗವನ್ನೂ ಕಳೆದುಕೊಂಡಿರುವುದಿಲ್ಲ, ಶಾಖ ಆಗಲೇ ನೂರಕ್ಕೆ ನಲವತ್ತು ಹೋಗಿರುತ್ತದೆ. ಪ್ರೆಶರ್ ಕುಕ್ಕರಿನ ಕೆಳಗೆ ಗ್ಯಾಸ್ ಉರಿ ಸಣ್ಣದಾದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಏನೂ ಕಾಣುವುದಿಲ್ಲ, ದೀಪ ಮಾತ್ರ ಎಂದಿನಂತೆ ಉರಿಯುತ್ತಿರುತ್ತದೆ.

ಹಳ್ಳಿ ಕಡೆ ಇದಕ್ಕೆ ಹೊತ್ತೂ ಗೊತ್ತಿದೆ. ತ್ರೀ ಫೇಸ್ ಕೊಟ್ಟ ತಕ್ಷಣ ಸುತ್ತಲಿನ ಬೋರ್ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಅದೇ ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಮನೆಗಳಲ್ಲಿ ಫ್ಯಾನು ನಿಧಾನ ಆಗುತ್ತದೆ. ಟೌನಿನಲ್ಲಾದರೆ ಸಂಜೆ ಏಳರಿಂದ ಒಂಬತ್ತು. 1902ರಲ್ಲೇ ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗೆ ಬಂದ ಜಿಲ್ಲೆ ನಮ್ಮದು, ಬೆಂಗಳೂರಿನ ಬೀದಿ ದೀಪಕ್ಕಿಂತ ಮೂರು ವರ್ಷ ಮೊದಲು. ಆ ಹೆಮ್ಮೆ ಇರಲಿ, ಗುಂಡಿ ತಿರುಗಿಸುವ ಮುಂಚೆ ಸ್ಟೆಬಿಲೈಸರಿನ ಅಂಕಿಯನ್ನೂ ಒಮ್ಮೆ ನೋಡಿ.

ಈಗ ಕೆಟ್ಟ ಹೋಳನ್ನೇ ಒಂದು ತಟ್ಟೆಗೆ ಹಾಕಿ ಅಡ್ಡಕ್ಕೆ ಕತ್ತರಿಸಿ. ಗಟ್ಟಿ ಸೇಬಿನಲ್ಲಿ ಎರಡು ಬಗೆ ಇದೆ, ಎರಡಕ್ಕೂ ಮದ್ದು ಬೇರೆ.

ನಡುವೆ ಬಿಳಿ ತಿರುಳು ಹಾಗೇ ಇದ್ದು, ಕಚ್ಚಿದರೆ ಕರುಂ ಎಂದು ಹಸಿ ವಾಸನೆ ಬಂದರೆ ಅದು ಇನ್ನೂ ಬೆಂದಿಲ್ಲ ಅಷ್ಟೇ. ‘ಹೈ’ಗೆ ಹಾಕಿ ಇನ್ನೊಂದು ಗಂಟೆ ಬಿಡಿ. ಮುಚ್ಚಳ ತೆಗೆದು ಇಣುಕುವುದನ್ನು ನಿಲ್ಲಿಸಿ. ಒಂದು ಸಲ ತೆರೆದರೆ ಹೋದ ಶಾಖ ಮತ್ತೆ ಕೂಡಲು ಇಪ್ಪತ್ತು ನಿಮಿಷವಾದರೂ ಬೇಕು. ಮನೆಗೆ ಬಂದವರೆಲ್ಲ ಒಂದೊಂದು ಸಲ ತೆರೆದು ನೋಡಿದರೆ ಸಂಜೆಯಾದರೂ ಆಗುವುದಿಲ್ಲ.

ಎರಡನೆಯ ಬಗೆ ವಿಚಿತ್ರ. ಹೋಳು ಒಳಗಿನ ತನಕ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿರುತ್ತದೆ, ಹಸಿ ವಾಸನೆ ಇರುವುದಿಲ್ಲ. ಆದರೂ ಹಲ್ಲಿಗೆ ಜಗಿಯಬೇಕು. ಇನ್ನೂ ಎರಡು ಗಂಟೆ ಬೇಯಿಸಿದರೂ ಹಾಗೇ. ಕಾರಣ ಇಷ್ಟು: ಸೇಬಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಹಣ್ಣು ಮೆತ್ತಗಾಗುವುದು ಆ ಅಂಟು ಕರಗಿದಾಗ, ಅದಕ್ಕೆ 80–85 ಡಿಗ್ರಿ ದಾಟಬೇಕು. ಆದರೆ ದಾರಿಯಲ್ಲಿ, 55ರಿಂದ 65 ಡಿಗ್ರಿ ಆಸುಪಾಸಿನಲ್ಲಿ, ಹಣ್ಣಿನೊಳಗಿನ ಒಂದು ಕಿಣ್ವ ಚುರುಕಾಗಿ ಪೆಕ್ಟಿನ್ನನ್ನು ಕ್ಯಾಲ್ಸಿಯಂ ಜೊತೆ ಬೆಸೆಯಲು ಅನುವು ಮಾಡಿಕೊಡುತ್ತದೆ. ಆ ಬೆಸುಗೆ ಬಿದ್ದ ಮೇಲೆ ಕುದಿಸಿದರೂ ಸುಲಭಕ್ಕೆ ಬಿಡುವುದಿಲ್ಲ. ಹಣ್ಣು ತರಕಾರಿ ಡಬ್ಬಿಗೆ ತುಂಬುವವರು ಹೋಳು ಗಟ್ಟಿ ಉಳಿಯಲೆಂದು ಬೇಕೆಂದೇ ಈ ಹದದಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಆ ಕೆಲಸವನ್ನು ಲೋ ವೋಲ್ಟೇಜು ಮಾಡಿಬಿಡುತ್ತದೆ: ಬೇಗ ದಾಟಬೇಕಾದ ಹದದಲ್ಲಿ ಸೇಬು ಗಂಟೆಗಟ್ಟಲೆ ಕೂತಿರುತ್ತದೆ.

ಇದಕ್ಕೆ ಇನ್ನೆರಡು ಕುಮ್ಮಕ್ಕು. ಒಂದು ಬೋರ್‌ವೆಲ್ಲಿನ ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿಸುವ ಅದೇ ಕ್ಯಾಲ್ಸಿಯಂ ಸೇಬಿಗೂ ಸೇರುತ್ತದೆ. ನಾಲ್ಕು ಚಮಚ ನೀರಿನಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಆದರೆ ಹೆಚ್ಚಿದ ಹೋಳು ಕಪ್ಪಾಗದಿರಲಿ ಎಂದು ಬೋರ್ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕುವವರಿದ್ದಾರೆ. ಅವರು ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಬಳಸಲಿ, ಇಲ್ಲವೇ ನೆನೆಹಾಕದೆ ನಿಂಬೆರಸ ಸವರಲಿ. ಇನ್ನೊಂದು ಬೆಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲು ಸುಣ್ಣ ಹಾಕುವುದುಂಟು, ಸಕ್ಕರೆಗಿಂತ ಬೆಲ್ಲದಲ್ಲಿ ಕ್ಯಾಲ್ಸಿಯಂ ಹೆಚ್ಚು. ವೋಲ್ಟೇಜು ಸರಿ ಇದ್ದ ದಿನ ಬೆಲ್ಲದಿಂದ ತೊಂದರೆ ಇಲ್ಲ. ಇಲ್ಲದ ದಿನ ಬೆಲ್ಲವನ್ನು ಕೊನೆಯ ಅರ್ಧ ಗಂಟೆಗೆ ಹಾಕಿ.

ಬೆಸುಗೆ ಬಿದ್ದ ಸೇಬನ್ನು ಸರಿಪಡಿಸಲು ಹೋಗಬೇಡಿ. ಸಣ್ಣಗೆ ಹೆಚ್ಚಿ ಕೇಸರಿಬಾತಿಗೆ ಹಾಕಿ. ಅಲ್ಲಿ ಆ ಗಟ್ಟಿತನವೇ ಚೆನ್ನ.

ಮುಂದಿನ ಸಲಕ್ಕೆ ಮದ್ದು ಇದು: ಸೇಬು, ಬೆಣ್ಣೆ, ನೀರು, ನಿಂಬೆರಸ ಎಲ್ಲವನ್ನೂ ಬಾಣಲೆಗೆ ಹಾಕಿ, ಮುಚ್ಚಿ, ಗ್ಯಾಸಿನ ಮೇಲೆ ಐದಾರು ನಿಮಿಷ, ರಸ ಕುದಿಯುವ ತನಕ ಬಿಸಿ ಮಾಡಿ. ಆಮೇಲೆ ಸ್ಲೋ ಕುಕ್ಕರಿಗೆ ಸುರಿದು ‘ಹೈ’ಗೆ ಇಡಿ. 60 ಡಿಗ್ರಿಯ ಗಂಡಾಂತರವನ್ನು ಗ್ಯಾಸು ದಾಟಿಸಿರುತ್ತದೆ, ಉಳಿದದ್ದನ್ನು ಕಡಿಮೆ ವೋಲ್ಟೇಜಿನ ಕುಕ್ಕರೂ ನಿಭಾಯಿಸುತ್ತದೆ. ಸುರಿಯುವ ಮುಂಚೆ ಪಿಂಗಾಣಿ ಮಡಕೆಯನ್ನು ಬಿಸಿನೀರಿನಿಂದ ಒಮ್ಮೆ ಗಲಬರಿಸಿಕೊಳ್ಳಿ. ತಣ್ಣಗಿನ ಪಿಂಗಾಣಿಗೆ ಕುದಿಯುವುದನ್ನು ಸುರಿದರೆ ಬಿರುಕು ಬಿಡುತ್ತದೆ.

ವೋಲ್ಟೇಜು 220ರ ಮೇಲಿದ್ದೂ ಬೇಯುತ್ತಿಲ್ಲವೇ? ಆಗ ಕುಕ್ಕರನ್ನೇ ಪರೀಕ್ಷಿಸಿ. ಮಡಕೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ತಣ್ಣೀರು ತುಂಬಿ, ಮುಚ್ಚಿ, ‘ಲೋ’ನಲ್ಲಿ 8 ಗಂಟೆ ಬಿಡಿ. ಮುಚ್ಚಳ ತೆಗೆದ ಕೂಡಲೇ ಅಡುಗೆ ಥರ್ಮಾಮೀಟರ್ ಇಳಿಸಿ. 85ರಿಂದ 93 ಡಿಗ್ರಿ ಇದ್ದರೆ ಯಂತ್ರ ಗಟ್ಟಿಮುಟ್ಟಾಗಿದೆ. 85 ಮುಟ್ಟಿಲ್ಲವೆಂದರೆ ಅದು ಸಾಕಷ್ಟು ಕಾಯುತ್ತಿಲ್ಲ, ಅದರಲ್ಲಿ ಕಾಳು, ಮಾಂಸ ಬೇಯಿಸುವುದು ಕ್ಷೇಮವಲ್ಲ. 100 ಬರಲಿಲ್ಲ ಎಂದು ಗಾಬರಿ ಬೇಡ. ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದ ನಮ್ಮೂರುಗಳಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ.

ಕರಗಿ ಗೊಜ್ಜಾಯಿತು

ಇದು ಸೇಬಿನದ್ದೇ ತಪ್ಪು, ನೂರಕ್ಕೆ ತೊಂಬತ್ತು ಪಾಲು. ತಳ್ಳುಗಾಡಿಯಲ್ಲಿ ಸಿಗುವ ಕಡುಕೆಂಪು, ಬುಡದಲ್ಲಿ ಐದು ಉಬ್ಬಿರುವ ಡಿಲಿಶಿಯಸ್ ಸೇಬು ಹಾಗೇ ಕಚ್ಚಿ ತಿನ್ನಲು ಇರುವುದು. ಅದರಲ್ಲಿ ಹುಳಿ ಕಡಿಮೆ. ಹುಳಿ ಇದ್ದಷ್ಟೂ ಪೆಕ್ಟಿನ್ ನಿಧಾನಕ್ಕೆ ಕರಗುತ್ತದೆ, ಹಾಗಾಗಿ ಹಸಿರು ಗ್ರಾನಿ ಸ್ಮಿತ್ ಆಕಾರ ಉಳಿಸಿಕೊಳ್ಳುತ್ತದೆ, ಡಿಲಿಶಿಯಸ್ ಉಳಿಸಿಕೊಳ್ಳುವುದಿಲ್ಲ. ಹಸಿರು ಸೇಬಿಗೆ ದುಡ್ಡು ಹೆಚ್ಚು ಅನ್ನುವುದು ನಿಜ. ಅರ್ಧ ಹಸಿರು, ಅರ್ಧ ಫ್ಯೂಜಿ ಅಥವಾ ಗಾಲಾ ಹಾಕಿದರೆ ರುಚಿಯೂ ಬರುತ್ತದೆ, ಕೈಯೂ ಸುಡುವುದಿಲ್ಲ.

ಜಾತಿಗಿಂತ ಕಾಲ ದೊಡ್ಡದು. ಹಿಮಾಚಲದ ಹೊಸ ಸೇಬು ಜುಲೈನಿಂದ ಬರುತ್ತದೆ, ಕಾಶ್ಮೀರದ್ದು ಸೆಪ್ಟೆಂಬರಿನಿಂದ. ಯುಗಾದಿ ಹೊತ್ತಿಗೆ ಗಾಡಿಯಲ್ಲಿರುವ ನಮ್ಮ ದೇಶದ ಸೇಬು ಕೋಲ್ಡ್ ಸ್ಟೋರೇಜಿನಿಂದ ತೆಗೆದದ್ದು. ಹೊರಗೆ ಹೊಳಪು, ಒಳಗೆ ಹಿಟ್ಟು. ಅಂಗಡಿಯಲ್ಲೇ ಪತ್ತೆ ಮಾಡಬಹುದು: ತೊಟ್ಟಿನ ಪಕ್ಕ ಹೆಬ್ಬೆರಳು ಒತ್ತಿದರೆ ತಗ್ಗಬಾರದು, ಬೆರಳಿನ ಗೆಣ್ಣಿನಿಂದ ತಟ್ಟಿದರೆ ಬಿಗಿಯಾದ ಸದ್ದು ಬರಬೇಕು. ಮಂದ ಸದ್ದು ಬಂದರೆ ಬೇಡ. ಅಂಗಡಿಯವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ, ಒಂದು ಕೊಯ್ದು ಕೊಡಿ ಅನ್ನಿ. ಚಾಕು ಇಳಿಯುವಾಗ ರಸ ಚಿಮ್ಮದೆ ಪುಡಿ ಪುಡಿ ಬಂದರೆ ಅದು ಯಾವ ಕುಕ್ಕರಿನಲ್ಲೂ ಹೋಳಾಗಿ ಉಳಿಯುವುದಿಲ್ಲ.

ಅಂಥದ್ದೇ ಮನೆಯಲ್ಲಿದ್ದರೆ ಸಿಪ್ಪೆ ತೆಗೆಯಬೇಡಿ, ಕಾಲು ಕಾಲು ಭಾಗ ಮಾಡಿ, ನಿಂಬೆರಸ ಒಂದೂವರೆ ಪಟ್ಟು ಹಾಕಿ, ‘ಹೈ’ನಲ್ಲಿ ಒಂದೂಕಾಲು ಗಂಟೆಗೆ ಆಫ್ ಮಾಡಿ. ಇಂಪೋರ್ಟೆಡ್ ಹಣ್ಣಾದರೆ ಮೇಣ ಹೋಗಲು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ರಸದ ಮೇಲೆ ತೆಳು ಪೊರೆ ತೇಲುತ್ತದೆ. ಆಗಲೇ ಗೊಜ್ಜಾಗಿದ್ದರೆ ಮಸೆದು, ಮುಚ್ಚಳ ತೆಗೆದು ‘ಹೈ’ನಲ್ಲಿ ಗಟ್ಟಿ ಮಾಡಿ. ಮಕ್ಕಳು ಚಪಾತಿಗೆ ಜಾಮ್ ಬಿಟ್ಟು ಇದನ್ನೇ ಕೇಳುತ್ತಾರೆ.

ನೀರು ನೀರಾಗಿದೆ

ಒಂದೂವರೆ ಕೆಜಿ ಸೇಬಿನಲ್ಲಿ ಒಂದೂಕಾಲು ಲೀಟರಿನಷ್ಟು ನೀರು ಹಣ್ಣಿನದ್ದೇ ಇದೆ. ಸಕ್ಕರೆ ಅದರಲ್ಲಿ ಒಂದಷ್ಟನ್ನು ಹೊರಗೆಳೆಯುತ್ತದೆ. ಬಾಣಲೆಯಲ್ಲಾದರೆ ಆವಿಯಾಗಿ ಹೋಗುತ್ತದೆ, ಇಲ್ಲಿ ಮುಚ್ಚಳಕ್ಕೆ ಬಡಿದು ಹನಿ ಹನಿಯಾಗಿ ವಾಪಸು ಬೀಳುತ್ತದೆ. ಹಾಗಾಗಿ ತಳ ಹಿಡಿಯುತ್ತದೆ ಎಂಬ ಭಯಕ್ಕೆ ಒಂದು ಲೋಟ ನೀರು ಹಾಕಿದವರಿಗೆ ಸೇಬಿನ ಸಾರು ಸಿಗುತ್ತದೆ.

ಕಾರ್ನ್‌ಫ್ಲೋರ್ ಕದಡಿ ಹಾಕುವುದು ಎಲ್ಲರೂ ಹೇಳುವ ಉಪಾಯ. ನನಗೆ ಅಷ್ಟು ಒಗ್ಗುವುದಿಲ್ಲ. ಹುಳಿಯಲ್ಲಿ ತುಂಬ ಹೊತ್ತು ಬೆಂದರೆ ಅದು ಮತ್ತೆ ತೆಳುವಾಗುತ್ತದೆ, ಕೊನೆಯ ಹದಿನೈದು ನಿಮಿಷಕ್ಕೆ ಹಾಕಿದರೆ ಮಾತ್ರ ನಿಲ್ಲುತ್ತದೆ. ಅದಕ್ಕಿಂತ ರಸವನ್ನಷ್ಟೇ ಬಾಣಲೆಗೆ ಬಸಿದು ದೊಡ್ಡ ಉರಿಯಲ್ಲಿ ಇಂಗಿಸಿ. ಎಳೆ ಪಾಕದ ತನಕ ಹೋಗಬಾರದು. ಬೆರಳಿಗೆ ಅಂಟಂಟು ಅನಿಸಿದ ಕೂಡಲೇ ಇಳಿಸಿ ಹೋಳಿನ ಮೇಲೆ ಸುರಿಯಿರಿ. ಸೇಬಿನ ಪೆಕ್ಟಿನ್ ಅದರಲ್ಲೇ ಇರುವುದರಿಂದ ಆರುತ್ತಾ ಇನ್ನಷ್ಟು ಗಟ್ಟಿಯಾಗುತ್ತದೆ. ಮುಂಚೆಯೇ ತಡೆಯಬೇಕೆಂದರೆ ಮುಚ್ಚಳದ ಕೆಳಗೆ ಹಳೆ ಪಂಚೆಯ ಎರಡು ಮಡಿಕೆ ಬಟ್ಟೆ ಬಿಗಿಯಾಗಿ ಕೊಡಿ, ಹನಿಯನ್ನು ಅದು ಹೀರುತ್ತದೆ. ಬಟ್ಟೆಯ ಅಂಚುಗಳನ್ನು ಮುಚ್ಚಳದ ಮೇಲಕ್ಕೆ ಎತ್ತಿ ಕಟ್ಟಿ, ಬಿಸಿ ಬದಿಗೆ ನೇತಾಡಬಾರದು.

ಕಹಿ, ಲೋಳೆ

ರಸವನ್ನು ಎರಡು ಕಡೆಯಿಂದ ರುಚಿ ನೋಡಿ: ಮಡಕೆಯ ನಡುವಿನಿಂದ ಒಂದು ಚಮಚ, ಅಂಚಿನಿಂದ ಒಂದು ಚಮಚ. ಅಂಚಿನದ್ದು ಮಾತ್ರ ಕಹಿಯಾದರೆ ಬೆಲ್ಲ ಸೀದಿದೆ. ಎರಡೂ ಕಹಿಯಾದರೆ ಚಕ್ಕೆ ಪುಡಿಯ ಕೆಲಸ.

ಪುಡಿಯನ್ನು ಮೂರು ಗಂಟೆ ಬೇಯಿಸಬಾರದು. ನಮ್ಮ ದಿನಸಿ ಅಂಗಡಿಯಲ್ಲಿ ಪಲಾವಿಗೆಂದು ಕೊಡುವ ದಪ್ಪ, ಒರಟು ಚಕ್ಕೆ ಹೆಚ್ಚಾಗಿ ಕ್ಯಾಸಿಯಾ. ಅದರ ಪುಡಿ ಬಿಸಿ ನೀರಿನಲ್ಲಿ ಉಬ್ಬಿ ಲೋಳೆ ಬಿಡುತ್ತದೆ, ಹೊತ್ತು ಹೋದಷ್ಟೂ ಒಗರು ಮುಂದೆ ಬರುತ್ತದೆ. ಇಡೀ ತುಂಡು ಹಾಕಿ, ಒಂದು ಗಂಟೆಯ ಮೇಲೆ ಪರಿಮಳ ಸಾಕೆನಿಸಿದರೆ ತೆಗೆದುಬಿಡಿ. ಪುಡಿಯೇ ಬೇಕೆಂದರೆ ಬಡಿಸುವಾಗ ಮೇಲೆ ಉದುರಿಸಿ. ಶ್ರೀಲಂಕಾದ ದಾಲ್ಚಿನ್ನಿ ಬೇರೆ ಜಾತಿ: ಕಾಗದದಷ್ಟು ತೆಳು ಪದರಗಳು ಸುರುಳಿಯೊಳಗೆ ಸುರುಳಿಯಾಗಿರುತ್ತವೆ, ಬೆರಳಲ್ಲೇ ಮುರಿಯುತ್ತದೆ, ವಾಸನೆ ನಯ. ಚಕ್ಕೆ ಸೇಬನ್ನು ದಿನಾ ತಿನ್ನುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದೇ ಒಳ್ಳೆಯದು, ಕ್ಯಾಸಿಯಾದಲ್ಲಿ ಲಿವರಿಗೆ ಆಗದ ಕೂಮರಿನ್ ಅಂಶ ಹೆಚ್ಚು.

ಚಕ್ಕೆಯ ವಾಸನೆಯೇ ಬರಲಿಲ್ಲವೆಂದರೆ ಡಬ್ಬಿ ಹಳೆಯದು. ತುಂಡನ್ನು ಮುರಿದು ಮೂಸಿ, ಮುರಿದ ಕಡೆ ಘಾಟು ಇಲ್ಲದಿದ್ದರೆ ಅದು ಬರೀ ಮರದ ತೊಗಟೆ.

ಅಂಚು ಸೀದು, ನಡುವೆ ಹಸಿ

ಸ್ಲೋ ಕುಕ್ಕರಿನ ತಂತಿ ಸುತ್ತಿರುವುದು ಹೆಚ್ಚಾಗಿ ಬದಿಗೋಡೆಗೆ. ಮಡಕೆ ಅರ್ಧವಾದರೂ ತುಂಬಿರದಿದ್ದರೆ ಬದಿಯ ಶಾಖಕ್ಕೆ ಎದುರಾಗಿ ಹಣ್ಣೇ ಇರುವುದಿಲ್ಲ, ರಸ ತೆಳುವಾಗಿ ಅಂಟಿ ಕರಿಯಾಗುತ್ತದೆ. ಇಬ್ಬರಿಗೆಂದು 6 ಲೀಟರಿನ ಕುಕ್ಕರಿನಲ್ಲಿ ಮೂರು ಸೇಬು ಹಾಕುವವರಿಗೆ ಇದು ತಪ್ಪದು. ಅರ್ಧದಿಂದ ಮುಕ್ಕಾಲು ತುಂಬಿರಲಿ. ಇಲ್ಲದಿದ್ದರೆ ಒಳಗೊಂದು ಸಣ್ಣ ಸ್ಟೀಲ್ ಪಾತ್ರೆ ಇಟ್ಟು ಅದರಲ್ಲಿ ಮಾಡಿ, ಸುತ್ತ ಎರಡು ಲೋಟ ನೀರಿರಲಿ. ರಾತ್ರಿ ಹನ್ನೊಂದರ ಮೇಲೆ ಹಚ್ಚಿಟ್ಟು ಮಲಗಿದವರು ವೋಲ್ಟೇಜನ್ನೂ ನೋಡಲಿ. ಹೊರೆ ಇಳಿದಾಗ 250ಕ್ಕೆ ಏರುವುದುಂಟು, ಆಗ ಶಾಖ ನೂರಕ್ಕೆ ಹದಿನೆಂಟು ಹೆಚ್ಚು.

ನಡುವೆ ಕರೆಂಟು ಹೋದರೆ

ಗುಂಡಿಯ ಕುಕ್ಕರ್ ಕರೆಂಟು ಬಂದ ಕೂಡಲೇ ತಾನೇ ಮುಂದುವರಿಯುತ್ತದೆ. ಡಿಜಿಟಲ್ ಮಾದರಿಗಳಲ್ಲಿ ಅನೇಕವು ಮುಂದುವರಿಯುವುದಿಲ್ಲ. ಅಂಕಿ ಮಿಣುಕುತ್ತಾ ಕೂತಿರುತ್ತವೆ. ಲೋಡ್ ಶೆಡ್ಡಿಂಗ್ ಇರುವ ಊರಿಗೆ ಗುಂಡಿಯದ್ದೇ ವಾಸಿ, ಕೊಳ್ಳುವವರಿದ್ದರೆ ಅದನ್ನೇ ಹೇಳುತ್ತೇನೆ. ಯುಪಿಎಸ್ ಇದ್ದರೆ 200 ವ್ಯಾಟಿನ ಹೊರೆ ಅದಕ್ಕೆ ಭಾರವಲ್ಲ, ಅಡುಗೆಮನೆಯ ಸಾಕೆಟ್ ಯುಪಿಎಸ್ ಲೈನಿನಲ್ಲಿ ಇರಬೇಕು ಅಷ್ಟೇ.

ಹೋಗಿ ಒಂದು ಗಂಟೆಯೊಳಗೆ ಬಂದರೆ ಮುಚ್ಚಳ ಮುಟ್ಟಬೇಡಿ, ಹೋದ ಹೊತ್ತಿನಷ್ಟು ಕೊನೆಗೆ ಸೇರಿಸಿ. ಎರಡು ಗಂಟೆಯಾದರೂ ಬರದಿದ್ದರೆ ಬಾಣಲೆಗೆ ಸುರಿದು ಗ್ಯಾಸಿನ ಮೇಲೆ ಮುಗಿಸಿ. ಸೇಬು ಹುಳಿಹಣ್ಣು, ಮಾಂಸದಷ್ಟು ಬೇಗ ಅಪಾಯಕ್ಕೆ ತಿರುಗುವುದಿಲ್ಲ. ಹಾಲು, ಕೆನೆ ಸೇರಿಸಿದ್ದರೆ ಮಾತ್ರ ಈ ರಿಯಾಯಿತಿ ಇಲ್ಲ. ಹೇಗೂ ಕೆನೆಯನ್ನು ಕುಕ್ಕರಿನೊಳಗೆ ಹಾಕಬಾರದು, ನಿಂಬೆಯ ಹುಳಿಗೆ ಒಡೆಯುತ್ತದೆ. ಬಟ್ಟಲಿಗೆ ಹಾಕಿ ಹಬೆ ಕಡಿಮೆಯಾದ ಮೇಲೆ ಸುರಿದುಕೊಳ್ಳಿ.

ಯಂತ್ರದ್ದೇ ತಪ್ಪಾದರೆ

ಅಮೆರಿಕದಿಂದ ಬಂದ ಕುಕ್ಕರನ್ನು ತಿರುವಿ ತಳದ ಚೀಟಿ ಓದಿ. 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಬೇಡಿ. ನಮ್ಮ 230ರಲ್ಲಿ ಅದು ಮೂರೂವರೆ ಪಟ್ಟಿಗಿಂತ ಹೆಚ್ಚು ಶಾಖ ಎಳೆದು ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ವ್ಯಾಟಿಗೆ ತಕ್ಕ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಬೆಲೆಗೆ ಇಲ್ಲಿನದೇ ಹೊಸ ಕುಕ್ಕರ್ ಕೊಳ್ಳುವುದು ಲೇಸು.

ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಕೂಡಲೇ ಪ್ಲಗ್ ತೆಗೆಯಿರಿ. ಹೊರಗಿನ ಲೋಹದ ಚಿಪ್ಪಿಗೆ ನೀರು ಇಳಿದಿರಬಹುದು, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕೇ ಹೊರತು ನಲ್ಲಿ ಕೆಳಗೆ ಹಿಡಿಯಬಾರದು. ಎರಡು ದಿನ ಬಿಸಿಲಿಗೆ ಒಣಗಿಸಿದ ಮೇಲೂ ಹಾಗೇ ಇದ್ದರೆ ರಿಪೇರಿಯವರಿಗೆ ಕೊಡಿ. ಮಿಕ್ಸಿ, ಫ್ರಿಜ್ಜಿನಲ್ಲೂ ಅದೇ ಜುಂ ಇದ್ದರೆ ಮನೆಯ ಅರ್ತಿಂಗ್ ಕೆಲಸ ಮಾಡುತ್ತಿಲ್ಲ. ಬೇಸಿಗೆಯಲ್ಲಿ ನಮ್ಮ ಒಣ ನೆಲದಲ್ಲಿ ಅರ್ತ್ ಗುಂಡಿ ಒಣಗಿರುತ್ತದೆ, ಒಂದೆರಡು ಬಿಂದಿಗೆ ನೀರು ಹೊಯ್ದು, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ದೀಪವೂ ಇಲ್ಲ, ಬಿಸಿಯೂ ಇಲ್ಲವೆಂದರೆ ಮೊದಲು ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಸಾಕೆಟ್ ಸರಿ ಇದ್ದರೆ ಒಳಗಿನ ಥರ್ಮಲ್ ಫ್ಯೂಸ್ ಹೋಗಿರುವ ಸಂಭವ ಹೆಚ್ಚು. ರಿಪೇರಿ ಅಂಗಡಿಯಲ್ಲಿ ಅದೇ ಡಿಗ್ರಿಯ, ಅದೇ ಆಂಪಿಯರಿನ ಫ್ಯೂಸ್ ಹಾಕಿಸಿ. ಅದನ್ನು ತೆಗೆದು ನೇರ ತಂತಿ ಸೇರಿಸಿಕೊಡುತ್ತೇನೆ, ಇನ್ನು ಹೋಗುವುದೇ ಇಲ್ಲ ಎನ್ನುವವರ ಕೈಯಿಂದ ಕುಕ್ಕರನ್ನು ವಾಪಸು ತಂದುಬಿಡಿ.